ಎಡಗಡೆಯದು, ಬಲಗಡೆಯದು

ಮನೆಯೆಲ್ಲ ಮಲಗಿದ ಮೇಲೆ ಅಡುಗೆಮನೆಯ ಕಡೆಯಿಂದ ‘ಟಿಕ್’ ಎಂದಿತು. ಬಹಳ ಸಣ್ಣ ಸದ್ದು. ತಣಿಯುತ್ತಿದ್ದ ಪಾತ್ರೆಯ ಮುಚ್ಚಳದ್ದಿರಬಹುದು, ಫ್ರಿಜ್ಜಿನದಿರಬಹುದು, ಬೀರುವಿನ ಮರ ಬಿಗಿದುಕೊಂಡದ್ದೂ ಇರಬಹುದು. ಯಾವುದರದ್ದು ಎಂಬುದು ಅವಳಿಗೆ ಬೇಕಿರಲಿಲ್ಲ. ಒಂದು ಸಲ ಆಯಿತೋ, ಎರಡು ಸಲವೋ? ಹಾಸಿಗೆಯ ಮೇಲೆ ಎದ್ದು ಕೂತಳು. ಪಕ್ಕದಲ್ಲಿ ಗಂಡ ಮಗ್ಗುಲು ಬದಲಿಸಿದ. “ನಿಮಗೆ ಕೇಳಿಸ್ತಾ?” ಎಂದಳು. “ನೀನು ಕೇಳಿಸ್ತಾ ಅಂದಿದ್ದು ಕೇಳಿಸ್ತು” ಎಂದು ಅವನು ದಿಂಬಿನೊಳಕ್ಕೆ ಗೊಣಗಿ ಮತ್ತೆ ನಿದ್ದೆ ಹೋದ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ನೋಡುವವಳು ಅವಳು; ಚಿಲಕ ಹಾಕಿದ ಬಾಗಿಲನ್ನು ಎಳೆದು ನೋಡಿ, ಎಳೆದು ನೋಡಿದ್ದು ನಿಜವೇ ಎಂದು ಇನ್ನೊಮ್ಮೆ ಎಳೆಯುವವಳು. ಮಾತಾಡಿದ ಮೇಲೆ ಆಡಿದ ಮಾತನ್ನು ದಿನವಿಡೀ ಹಿಂದೆ ಮುಂದೆ ತಿರುಗಿಸುವವಳು. ಆದರೆ ಕಿವಿಯ ವಿಷಯದಲ್ಲಿ ಮಾತ್ರ ಅವಳಿಗೆ ಸಂಶಯದ ಅಭ್ಯಾಸವಿರಲಿಲ್ಲ. ಮೈಯಲ್ಲಿ ಎಲ್ಲ ಕಡೆ ಅಂಜಿಕೆ ಮನೆಮಾಡಿದ್ದರೂ ಆ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡದೆ ತನಗೇ ಇಟ್ಟುಕೊಂಡವಳ ಹಾಗೆ ಇದ್ದಳು. ಒಂದೇ ಸಲ, ಎಂದು ತೀರ್ಮಾನಿಸಿ ಮಲಗಿದಳು.

ಬೆಳಿಗ್ಗೆ ಆಸ್ಪತ್ರೆಯ ಕಿವಿಯ ವಿಭಾಗದಲ್ಲಿ, ಸದ್ದು ಹೊಗದ ಆ ಪುಟ್ಟ ಗಾಜಿನ ಕೋಣೆಯ ಹೊರಗೆ ಕಿವಿ ಪರೀಕ್ಷಿಸುವ ತನ್ನ ಯಂತ್ರದ ಮುಂದೆ ಕೂತಾಗಲೂ ಅದೇ ನೆಮ್ಮದಿ. ಒಳಗೆ ಬೀಗ ರಿಪೇರಿಯ ಮುದುಕ, ತಲೆಯ ಮೇಲೆ ಹೆಡ್‌ಫೋನು, ಕೈಯಲ್ಲಿ ಗುಂಡಿ. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು, ಅಷ್ಟೇ. ಅವಳು ಇನ್ನೂ ಯಾವ ಸದ್ದನ್ನೂ ಕಳಿಸಿರಲಿಲ್ಲ, ಮುದುಕ ಒತ್ತಿದ. ಸುಮ್ಮನೆ ಕಾದಳು. ಮತ್ತೆ ಒತ್ತಿದ. “ಕೇಳಿಸ್ತಾ ಯಜಮಾನ್ರೇ?” ಎಂದರೆ, “ಚೆನ್ನಾಗಿ ಕೇಳಿಸ್ತಮ್ಮ, ಗಂಟೆ ಹೊಡೆದ ಹಾಗೆ!” ಎಂದು ಎದೆ ಸೆಟೆಸಿದ. ಹೊರಗೆ ಬೆಂಚಿನ ಮೇಲಿದ್ದ ಸೊಸೆ, “ನಮ್ಮ ಮಾವನಿಗೆ ಬೇಡದ್ದೆಲ್ಲ ಕೇಳಿಸುತ್ತೆ ಮೇಡಂ, ಊಟಕ್ಕೆ ಬನ್ನಿ ಅನ್ನೋದು ಬಿಟ್ಟು” ಎಂದಳು. ಇಂಥವರು ದಿನಕ್ಕೊಬ್ಬರಾದರೂ ಬರುತ್ತಿದ್ದರು. ಅವರು ಸುಳ್ಳು ಹೇಳುತ್ತಿದ್ದಾರೆಂದು ಅವಳಿಗೆ ಯಾವತ್ತೂ ಅನ್ನಿಸಿದ್ದಿಲ್ಲ. ಅವರಿಗೆ ನಿಜವಾಗಿ ಕೇಳಿಸುತ್ತಿತ್ತು. ಎದುರಿಗೆ ಕೂತವರ ಭುಜ ಅಲುಗಿದ್ದು, ಕತ್ತು ಬಗ್ಗಿದ್ದು ಕಂಡರೆ ಸಾಕು, ಕಿವಿ ಸದ್ದನ್ನು ತಾನೇ ತಯಾರಿಸಿಕೊಂಡುಬಿಡುತ್ತಿತ್ತು. ಅದಕ್ಕೇ ಅವಳು ಕುರ್ಚಿಯನ್ನು ಓರೆಯಾಗಿ ಹಾಕಿಕೊಂಡಿದ್ದಳು, ತನ್ನ ಕೈ ಯಾರಿಗೂ ಕಾಣದ ಹಾಗೆ. ತಪ್ಪು ಒತ್ತಿದಿರಿ ಎಂದು ಯಾರಿಗೂ ಹೇಳುತ್ತಿರಲಿಲ್ಲ. “ಇನ್ನೊಂದು ಸಲ ನೋಡೋಣ” ಎನ್ನುತ್ತಿದ್ದಳು. ತನ್ನ ಈ ಸೌಜನ್ಯ ಅವಳಿಗೇ ಇಷ್ಟವಾಗುತ್ತಿತ್ತು.

“ಅವರಿಗೇ ಕೇಳಿಸ್ತಾ ಇಲ್ಲ ಅನ್ಸುತ್ತೆ.” ಅವಳ ಬಗ್ಗೆ ಈ ಮಾತನ್ನು ಗಡಿಯಾರ ಆಡಿದ್ದು ಅವಳೆದುರಿಗಲ್ಲ. ಕಾರಿನ ಡಿಕ್ಕಿಯ ಹತ್ತಿರ, ತಂಗಿಯ ಜೊತೆ, ಡ್ರಮ್ಮುಗಳನ್ನು ಒಳಗಿಡುತ್ತ. ಗಡಿಯಾರ ಅವರ ಹಾಡಿನ ತಂಡದಲ್ಲಿ ಡ್ರಮ್ ನುಡಿಸುವವನು, ಹಗಲು ಹೊತ್ತಿನಲ್ಲಿ ಲೆಕ್ಕದ ಮೇಷ್ಟರು. ತಾಳ ಒಂದು ಕೂದಲೆಳೆ ಆಚೀಚೆ ಆಗಗೊಡದವನಾದ್ದರಿಂದ ಆ ಹೆಸರು. ತಂಗಿ ಹಾಡುವವಳು. ಅಕ್ಕನಾದ ಅವಳದ್ದು ಎಲೆಕ್ಟ್ರಿಕ್ ಗಿಟಾರ್. ಅವತ್ತು ಸಭಾಂಗಣದಲ್ಲಿ ತಂಗಿ ಕೊನೆಯ ಹಾಡಿನ ಅತಿ ಮೆತ್ತನೆಯ ಸಾಲಿಗೆ ಬಂದಿದ್ದಳು, ಉಸಿರಿಗೂ ಸ್ವರಕ್ಕೂ ನಡುವೆ ಎಲ್ಲೋ ಇರುವ ಸಾಲು. ಆಗ ಅಕ್ಕನ ಪಾದದ ಪಕ್ಕದ ಹಳೆಯ ಡಿಲೇ ಪೆಡಲಿನ ನಾಬ್‌ಗೆ ಚಪ್ಪಲಿಯ ಅಂಚು ತಗುಲಿ ಅದು ತಿರುಗಿತು. ನುಡಿಸಿದ ಸ್ವರವನ್ನು ಹಿಡಿದಿಟ್ಟು ಒಂದು ಉಸಿರಿನಷ್ಟು ತಡೆದು ಹಿಂದಕ್ಕೆ ಕೊಡುವ ಡಬ್ಬಿ ಅದು. ಕೊಡುತ್ತ ಕೊಡುತ್ತ ಸಣ್ಣಗಾಗಿ ಅಳಿಯಬೇಕು. ಅವತ್ತು ಅಳಿಯಲಿಲ್ಲ. ಪ್ರತಿ ಮರುದನಿಯೂ ಹಿಂದಿನದಕ್ಕಿಂತ ದೊಡ್ಡದಾಯಿತು, ಅದರ ಮೇಲೆ ಇನ್ನೊಂದು, ಮತ್ತೊಂದು, ಕೊನೆಗೆ ಸ್ವರವೆಂಬುದೇ ಹೋಗಿ ಊಳು. ತಂಗಿ ಬಾಯಿ ತೆರೆದುಕೊಂಡೇ ನಿಂತಳು. ಮೊದಲ ಸಾಲಿನ ಹೆಂಗಸೊಬ್ಬಳು ಮಗುವಿನ ಕಿವಿ ಮುಚ್ಚಿದಳು. ಅಕ್ಕನ ಕಾಲು ಸ್ವಿಚ್ಚನ್ನು ಹುಡುಕಿತು, ಸಿಗಲಿಲ್ಲ, ಮತ್ತೆ ಹುಡುಕಿತು. ಕತ್ತಲಲ್ಲಿ ಮಂಚದ ಕೆಳಗೆ ಚಪ್ಪಲಿ ಹುಡುಕುವವರ ಹಾಗೆ. ಕೊನೆಗೆ ಮೈಕಿನವನು ಓಡಿ ಬಂದು ಗೋಡೆಯಿಂದ ವೈರನ್ನೇ ಕಿತ್ತ. ಆಮೇಲಿನ ನಿಶ್ಶಬ್ದದಲ್ಲಿ ಯಾರೋ ಒಬ್ಬರು, ಒಬ್ಬರೇ, ಚಪ್ಪಾಳೆ ತಟ್ಟಿದರು. ಅದು ಇನ್ನೂ ಅವಳ ಬೆನ್ನಿನ ಮೇಲಿತ್ತು.

“ಇನ್ಮೇಲೆ ಎಕೋ ಕೆಲಸ ಎಲ್ಲಾ ಸೌಂಡ್ ಮಿಕ್ಸರ್ ಹತ್ರ ಕೂತಿರೋನಿಗೆ ಬಿಡೋಣ. ನೀವು ಬರೀ ನುಡಿಸಿ” ಎಂದಿದ್ದ ಗಡಿಯಾರ, ಇದನ್ನು ಎದುರಿಗೇ. ಬರೀ ಎಂಬ ಪದವನ್ನು ಅವಳು ಮನೆಗೆ ತಂದು ಇಟ್ಟುಕೊಂಡಳು. ಅವರಿಗೆ ಅರ್ಥವಾಗುವಂಥದ್ದಲ್ಲ ಅದು. ಸ್ವರಕ್ಕೂ ಅದರ ಮರುದನಿಗೂ ನಡುವೆ ಒಂದು ಜಾಗವಿರುತ್ತದೆ, ತನ್ನ ಮುಂದಿನ ಸ್ವರವನ್ನು ಅವಳು ಇಡುವುದು ಅಲ್ಲಿ. ಆ ಜಾಗವನ್ನು ಹಿಗ್ಗಿಸುವುದು, ಕುಗ್ಗಿಸುವುದು, ಬೇಡವೆಂದಾಗ ಮುಚ್ಚುವುದು ಅವಳ ಕಾಲು. ಸಭೆಯ ಹಿಂದೆ ಕೂತ ಇನ್ಯಾರದೋ ಬೆರಳಿಗೆ ಅದನ್ನು ಒಪ್ಪಿಸುವುದೆಂದರೆ ತುತ್ತು ತಾನು ಅಗಿದು ನುಂಗುವುದನ್ನು ಬೇರೆಯವರಿಗೆ ಬಿಟ್ಟ ಹಾಗೆ. ಇದನ್ನು ಬಾಯಿಬಿಟ್ಟು ಹೇಳಲು ಹೋಗಿ ತೊದಲಿ, ಅಳುವ ಹಾಗಾಗಿತ್ತು. ತಂಗಿಯೇ ನಡುವೆ ಬಂದು ಒಪ್ಪಂದ ಮಾಡಿದಳು. ಅಕ್ಕ ಹೊಸ ಪೆಡಲನ್ನು ಕಿವಿಯಿಂದಲೇ, ಕಣ್ಣಿಲ್ಲದೆ, ಆರಿಸಬೇಕು; ತಂಗಿ ಸಾಕ್ಷಿ. ಎರಡು ಪೆಡಲುಗಳ ವ್ಯತ್ಯಾಸ ಸರಿಯಾಗಿ ಗುರುತಿಸಿದರೆ ಭಾನುವಾರದ ಕಾರ್ಯಕ್ರಮದಲ್ಲಿ ಎಕೋ ಅಕ್ಕನ ಕಾಲಡಿಯಲ್ಲಿ. ಇಲ್ಲವಾದರೆ ಮಿಕ್ಸರಿನವನ ಕೈಯಲ್ಲಿ, ಅವತ್ತಿಗೂ, ಮುಂದಕ್ಕೂ. “ಪರೀಕ್ಷೆನಾ? ನನಗೆ?” ಎಂದು ನಕ್ಕಿದ್ದಳು ಅವಳು. “ನಿನಗಲ್ಲ ಅಕ್ಕ, ಗಡಿಯಾರಕ್ಕೆ. ಅವರು ನಂಬೋದು ಅಂಕಿಸಂಖ್ಯೆ ಮಾತ್ರ” ಎಂದಿದ್ದಳು ತಂಗಿ.

ಸಂಜೆ ಇಬ್ಬರೂ ಹೋದ ವಾದ್ಯದಂಗಡಿಯ ಹಿಂಬದಿಯ ಪುಟ್ಟ ಕೋಣೆಯಲ್ಲಿ ನೆಲಕ್ಕೆ ದಪ್ಪ ಕಂಬಳಿ ಹಾಸಿತ್ತು. ಚಪ್ಪಲಿ ಹೊರಗೆ. ಅಂಗಡಿಯವನಿಗೆ ಬಾಯಿ ಮುಚ್ಚುವುದೆಂದರೆ ಅಂಗಡಿ ಮುಚ್ಚಿದ ಹಾಗೆ. ಎರಡು ಪೆಡಲುಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಒಂದು ಕಬ್ಬಿಣದ ಡಬ್ಬಿಯನ್ನು ಕೂರಿಸಿ ವೈರುಗಳನ್ನು ಸಿಕ್ಕಿಸಿದ. ಡಬ್ಬಿಯ ಸ್ವಿಚ್ ಒತ್ತಿದರೆ ಹಸಿರು ದೀಪ, ಗಿಟಾರ್ ಎಡಗಡೆಯ ಪೆಡಲಿಗೆ. ಮತ್ತೆ ಒತ್ತಿದರೆ ಕೆಂಪು, ಬಲಗಡೆಯದಕ್ಕೆ. “ನೋಡಿ ಮೇಡಂ, ಎಡಗಡೆದು ಗಂಡನ ಮನೆಯವರ ಥರ. ನೀವು ಆಡಿದ್ದನ್ನ ಒಂದಕ್ಷರ ಬಿಡದೆ ನಿಮಗೇ ವಾಪಸ್ ಹೇಳುತ್ತೆ. ಬಲಗಡೆದು ತವರು ಮನೆ. ಹೇಳ್ತಾ ಹೇಳ್ತಾ ಅರ್ಧ ಮರೆತುಬಿಡುತ್ತೆ, ಮಸುಕಾಗುತ್ತೆ, ಮೆತ್ತಗಾಗುತ್ತೆ.”

“ಹಾಗಾದ್ರೆ ಯಾರೂ ಎಡಗಡೆದು ತಗೊಳ್ಳಲ್ವೇನೋ” ಎಂದಳು ತಂಗಿ.

“ಮದುವೆ ಆಗದೇ ಇರೋರು ತಗೋತಾರೆ” ಎಂದ ಅವನು. ಹೊರಗಿನಿಂದ ಯಾರೋ ಕೂಗಿದರು. “ಬಂದೆ, ಬಂದೆ. ಆ ಸ್ವಿಚ್ ಸ್ವಲ್ಪ ಬಿಗಿ ಕಣಮ್ಮ, ಬೂಟುಗಾಲಲ್ಲಿ ತುಳಿಯೋರಿಗೆ ಮಾಡಿರೋದು” ಎನ್ನುತ್ತ ಹೋದ. ಅವಳಿಗೆ ಅದರ ಕಡೆ ಗಮನವಿರಲಿಲ್ಲ. ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಗೋಡೆಯ ಬಣ್ಣ ಒಂದು ಕಡೆ ಎದ್ದುಬಂದು ಒಳಗಿನ ಹಳೆಯ ನೀಲಿ ಕಾಣುತ್ತಿತ್ತು. ಆ ನೀಲಿಯನ್ನೇ ನೋಡುತ್ತ ಮೊದಲ ಸ್ವರ ಹಾಕಿದಳು. ಅದು ಹೋಯಿತು, ಬಂತು. ಅಂಚುಗಳು ಹರಿತವಾಗಿ, ಈಗ ತಾನೇ ತೊಳೆದಿಟ್ಟ ಹಾಗೆ. “ಎಡ” ಎಂದಳು.

“ಸರಿ” ಎಂದಳು ತಂಗಿ, ತಟ್ಟನೆ.

ಹಿಂದೆ ತಂಗಿಯ ಕಾಲಡಿ ಸ್ವಿಚ್ ಟಕ್ ಎಂದಿತು. ಮತ್ತೆ ಅದೇ ಸ್ವರ. ಆಹಾ, ಎಂದುಕೊಂಡಳು. ಇದು ಬೇರೆ, ಇದಕ್ಕೆ ಮೈಯಿದೆ. ಎರಡನೆಯ ಮರುದನಿಗೇ ಬೆಳಕು ಕಡಿಮೆಯಾಯಿತು, ಮೂರನೆಯದು ಪರದೆಯ ಆಚೆಯಿಂದ ಬಂತು. “ಬಲ. ಎಷ್ಟು ಚೆನ್ನಾಗಿದೆ ನೋಡೇ. ಮುಸ್ಸಂಜೇಲಿ ಯಾರೋ ನಡ್ಕೊಂಡು ಹೋಗ್ತಾ ಇರೋ ಹಾಗೆ, ದೂರ ದೂರ.” ತಂಗಿಯ “ಸರಿ” ಸ್ವಲ್ಪ ತಡವಾಗಿ ಬಂತು. ಮತ್ತೆ ಟಕ್. “ಎಡ. ಗಾಜು. ನೋಡು, ಬೆರಳು ತಂತಿ ಮೇಲೆ ಜಾರಿದ್ದೂ ವಾಪಸ್ ಬರ್ತಿದೆ.” “ಸರಿ.” ಒಮ್ಮೆ ತಂಗಿ ಒತ್ತದೆ ನಿಂತಳು, ಮೋಸ ಮಾಡಲು. “ಬದಲಾಯಿಸೇ ಇಲ್ಲ ನೀನು, ಕಳ್ಳಿ” ಎಂದಳು ಅವಳು, ಮತ್ತು ತಂಗಿಯ “ಸರಿ” ಈ ಸಲ ಇನ್ನೂ ತಡವಾಗಿ, ಇನ್ನೂ ಮೆತ್ತಗೆ ಬಂತು. ಅದು ಬೆರಗೆಂದು ಅವಳು ತಿಳಿದಳು. ಮೈ ಹಗುರಾಗುತ್ತ ಹೋಯಿತು. ಸಭಾಂಗಣದ ಊಳು, ಒಂಟಿ ಚಪ್ಪಾಳೆ, ಬರೀ, ಎಲ್ಲ ಒಂದೊಂದಾಗಿ ಆ ಮರುದನಿಗಳ ಜೊತೆ ಹೋಗಿ ಗೋಡೆಯಲ್ಲಿ ಇಂಗಿದವು. ಭಾನುವಾರದ ಹಾಡಿನ ಆರಂಭವನ್ನು ಪೂರ್ತಿ ನುಡಿಸಿದಳು, ತಂಗಿ ಟಕ್ ಎನ್ನಿಸಿದ ಹಾಗೆಲ್ಲ ಎಡ, ಬಲ ಎನ್ನುತ್ತ. ಇಷ್ಟು ಚೆನ್ನಾಗಿ ನುಡಿಸಿ ಎಷ್ಟು ಕಾಲವಾಯಿತು! ಎಲ್ಲ ಮುಗಿದು ತಿರುಗಿದಾಗ ತಂಗಿಯ ಮುಖ ಕೆಂಪಾಗಿತ್ತು.

“ಬಲಗಡೆದೇ” ಎಂದಳು ಅವಳು. “ಅನುಮಾನವೇ ಇಲ್ಲ.”

“ಅಕ್ಕ, ನೀನು… ನಿನಗೆ ನೀನೇ ಸಾಟಿ” ಎಂದು ತಂಗಿ ನಕ್ಕಳು. ಫೋನು ತೆಗೆದುಕೊಂಡು ಹೊರಗಿನ ಓಣಿಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. “ಸಾರ್, ಒಂದೂ ತಪ್ಪಿಲ್ಲ. ಹೌದು ಸಾರ್, ಗೋಡೆ ನೋಡ್ಕೊಂಡೇ ಹೇಳಿದ್ಲು… ನಾನು ದೀಪ ನೋಡ್ತಾನೇ ಇದ್ದೆ. ಕಿವಿಗೇನೂ ಆಗಿಲ್ಲ, ನಿಮ್ಮ ಕಿವಿ ತೋರಿಸ್ಕೊಳ್ಳಿ… ಇಲ್ಲ, ಮಿಕ್ಸರು ಗಿಕ್ಸರು ಏನೂ ಬೇಡ. ಭಾನುವಾರ ಅವಳ ಕಾಲಡಿಯಲ್ಲೇ.” ಅಂಗಡಿಯವನು ಇಣುಕಿ, ಯಾವುದು ಎಂದು ಕೇಳಿ, ಬಲಗಡೆಯದರ ಹೊಸ ಪೆಟ್ಟಿಗೆ ತರಲು ಅಟ್ಟದ ಕಡೆ ಹೋದ. ಅವಳು ಒಬ್ಬಳೇ ಉಳಿದಳು. ಗೆದ್ದವರು ಗೆದ್ದ ಜಾಗವನ್ನು ಒಮ್ಮೆ ಮುಟ್ಟಿ ನೋಡುವ ಹಾಗೆ, ತನ್ನ ಬಲಗಡೆಯದನ್ನು ಇನ್ನೊಮ್ಮೆ ಕೇಳಬೇಕೆನ್ನಿಸಿತು. ಹಸಿರು ಉರಿಯುತ್ತಿತ್ತು. ಕಾಲಿನ ಹೆಬ್ಬೆರಳಿನಿಂದ ಸ್ವಿಚ್ ಒತ್ತಿದಳು. ಟಕ್. ಹಸಿರೇ ಇತ್ತು.

ಮತ್ತೆ ಒತ್ತಿದಳು. ಟಕ್. ಹಸಿರು. ಪಾದವನ್ನು ಪೂರ್ತಿ ಇಟ್ಟು ಒತ್ತಿದಳು, ಟಕ್, ಹಸಿರು ಕದಲಲಿಲ್ಲ. ಆಗ ಹಿಮ್ಮಡಿಯನ್ನು ಅದರ ಮೇಲಿಟ್ಟು ಮೈಯ ಭಾರವನ್ನೆಲ್ಲ ಬಿಟ್ಟಳು. ಟಕ್ ಎಂದ ಮೇಲೆ, ಅದರ ಕೆಳಗೆ, ದಪ್ಪನೆಯ ಇನ್ನೊಂದು ಸದ್ದಾಯಿತು, ಹಳೆಯ ಪೆಟ್ಟಿಗೆಯ ಮುಚ್ಚಳ ಕೂತ ಹಾಗೆ, ಮತ್ತು ದೀಪ ಕೆಂಪಾಯಿತು. ಸ್ವರ ಹಾಕಿದಳು. ಅದು ಹೋಯಿತು. ಹಿಂದಿರುಗಿ ಬಂದದ್ದನ್ನು ಅವಳು ಈ ಹಿಂದೆ ಈ ಕೋಣೆಯಲ್ಲಿ ಕೇಳಿರಲೇ ಇಲ್ಲ.

ಇದು ಅರ್ಥವಾಗುವುದಕ್ಕೆ ಒಂದು ಕ್ಷಣವೂ ಬೇಕಾಗಲಿಲ್ಲ, ಒಪ್ಪಿಕೊಳ್ಳುವುದಕ್ಕೆ ಬೇಕಾಯಿತು. ತಂಗಿಯ ಬರಿಗಾಲು ಆ ಸ್ವಿಚ್ಚನ್ನು ಅರ್ಧಕ್ಕೇ ಒತ್ತಿತ್ತು. ಅಷ್ಟು ಹೊತ್ತೂ ನುಡಿದದ್ದು ಎಡಗಡೆಯದೊಂದೇ. ಟಕ್ ಎಂಬುದನ್ನು ಕೇಳಿಸಿಕೊಂಡು ಉಳಿದದ್ದನ್ನೆಲ್ಲ ತಾನೇ ತಯಾರಿಸಿಕೊಂಡಿದ್ದಳು: ಮೈ, ಪರದೆ, ಮುಸ್ಸಂಜೆ, ದೂರ ದೂರ. ಅಂಗಡಿಯವನ ಮಾತನ್ನೇ ಚೆನ್ನಾಗಿ ಉಡಿಸಿ ತೊಡಿಸಿ ಅವನಿಗಿಂತ ಸೊಗಸಾಗಿ ಹೇಳಿದ್ದಳು. ಕುರ್ಚಿಯನ್ನು ಓರೆಯಾಗಿ ಹಾಕಿಕೊಳ್ಳುವವಳು! ಕಿವಿಯ ತುದಿಗಳು ಬಿಸಿಯಾದವು. ಅದರ ಹಿಂದೆಯೇ ಇನ್ನೊಂದು ಅರಿವು ಬಂತು, ಮೊದಲನೆಯದಕ್ಕಿಂತ ಮೆಲ್ಲಗೆ. ತಂಗಿ ದೀಪ ನೋಡುತ್ತಿದ್ದಳು. ದೀಪ ನೋಡುವುದೇ ಅವಳ ಕೆಲಸ. ಹಸಿರನ್ನು ನೋಡುತ್ತ, ಬಲ ಎಂದದ್ದಕ್ಕೆ ಸರಿ ಎಂದಿದ್ದಳು. ಮೊದಲ ಸಲಕ್ಕೇ ತಪ್ಪು ಎನ್ನಬಹುದಿತ್ತು, ಇಲ್ಲ, ಸ್ವಿಚ್ ಬಿಗಿಯಾಗಿದೆ ತಡಿ ಅಕ್ಕ ಎನ್ನಬಹುದಿತ್ತು. ಆದರೆ ಅಷ್ಟರಲ್ಲಿ ಅಕ್ಕ ಮುಸ್ಸಂಜೆಯವರೆಗೂ ಹೋಗಿಬಿಟ್ಟಿದ್ದಳು. ಗೇಲಿಯೇ? ಕರುಣೆಯೇ? ಗೇಲಿಯಾಗಿದ್ದರೆ ತಿರುಗಿ ಬಯ್ಯಬಹುದು, ಕರುಣೆಯಾಗಿದ್ದರೆ ಎಲ್ಲಿ ಇಟ್ಟುಕೊಳ್ಳುವುದು? ಬಾಗಿಲ ಸಂದಿಯಿಂದ ಓಣಿ ಕಾಣುತ್ತಿತ್ತು. ತಂಗಿ ಕೊರಳಿನ ಸರವನ್ನು ತುಟಿಗೆ ಒತ್ತಿಕೊಂಡು ಗಡಿಯಾರದ ಮಾತಿಗೆ ಹೂಂಗುಟ್ಟುತ್ತಿದ್ದಳು. ಹಿಂದೆ ಹನ್ನೊಂದೋ ಹನ್ನೆರಡೋ ವರ್ಷದವಳಾಗಿದ್ದಾಗ, ಮಹಡಿಯ ಮೆಟ್ಟಿಲ ಮೇಲೆ ನಿಂತು, ಹೀಗೆಯೇ ಸರ ಕಚ್ಚಿಕೊಂಡು, “ಇಲ್ಲಪ್ಪ, ಅಕ್ಕ ಓದ್ತಾ ಇದಾಳೆ, ಈಗ ಹೋಗಬೇಡಿ, ಬಯ್ತಾಳೆ” ಎಂದು ಅಪ್ಪನನ್ನು ತಡೆಯುತ್ತಿದ್ದವಳು. ಅಕ್ಕ ಮಹಡಿಯ ಮೇಲೆ ಎರವಲು ತಂದ ಗಿಟಾರಿನ ತಂತಿಗಳಿಗೆ ಕರವಸ್ತ್ರ ಸುತ್ತಿ ಸದ್ದಾಗದ ಹಾಗೆ ನುಡಿಸುತ್ತಿದ್ದಳು. ಅಪ್ಪನಿಗೆ ಅದು ಕೇಳಿಸುತ್ತಿತ್ತೋ ಇಲ್ಲವೋ, ಅವರು ಯಾವತ್ತೂ ಮೇಲೆ ಬರಲಿಲ್ಲ.

ಹಿಮ್ಮಡಿಯಿಂದ ಒತ್ತಿದಳು. ಹಸಿರು. ನುಡಿಸಿದಳು. ಒತ್ತಿದಳು. ಕೆಂಪು. ನುಡಿಸಿದಳು. ಅಯ್ಯೋ, ಎಷ್ಟು ಬೇರೆ ಬೇರೆ! ಇದನ್ನು ಗುರುತಿಸಲು ಕಿವಿಯೇ ಬೇಕಿರಲಿಲ್ಲ, ಪಾದದ ಅಡಿಯಿಂದ ಗೊತ್ತಾಗುತ್ತಿತ್ತು. ನಗು ಬಂತು ಅವಳಿಗೆ. ಕಿವಿ ನೆಟ್ಟಗೇ ಇತ್ತು. ಇಲ್ಲದ್ದನ್ನು ಬೇಡಿದ್ದು ಕಿವಿಯಲ್ಲ. ಈಗ, ಯಾರೂ ನೋಡದಿರುವಾಗ, ಯಾರಿಗೂ ಏನನ್ನೂ ರುಜುವಾತು ಮಾಡಬೇಕಿಲ್ಲದಿರುವಾಗ, ಅವಳು ನಿಜವಾಗಿ ಆರಿಸತೊಡಗಿದಳು. ಬಲಗಡೆಯದು ಚೆನ್ನಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಹಾಡಿನ ಆರಂಭವನ್ನು ಅದರಲ್ಲಿ ನುಡಿಸಿದಾಗ ಉಂಗುರದ ಬೆರಳು ಪ್ರತಿ ಸಲ ಒಂದಿಷ್ಟು ತಡವಾಗಿ ಬರುವುದು, ಆ ಮಸುಕಿನಲ್ಲಿ, ತಡವೆಂದೇ ತೋರಲಿಲ್ಲ. ಎಲ್ಲವನ್ನೂ ತಲೆ ಸವರಿ ಒಳಗೆ ಕರೆದುಕೊಳ್ಳುತ್ತಿತ್ತು. ಎಡಗಡೆಯದರಲ್ಲಿ ಅದೇ ಬೆರಳು ತಡವಾಗಿ ಬಂತು, ತಡವಾಗಿಯೇ ವಾಪಸ್ ಬಂತು, ಇನ್ನೊಮ್ಮೆ ಬಂತು, ಕೂಗಿ ಹೇಳಿದ ಹಾಗೆ. ಮತ್ತೆ ನುಡಿಸಿದಳು. ಬೆರಳು ನಾಚಿ ಸರಿಯಾದ ಜಾಗಕ್ಕೆ ಬಂತು. ಅರ್ಧ ಗಂಟೆಯಿಂದ, ಇದು ಅದು ಎಂದು ಹೆಸರು ಬದಲಿಸುತ್ತ, ತಾನು ನುಡಿಸಿದ್ದು ಇದರ ಜೊತೆ. ಮೈ ಹಗುರಾದದ್ದು ಇದರ ಜೊತೆ. ಬಾಯಿ ಅದನ್ನು ಹೊಗಳುತ್ತಿದ್ದಾಗ ಕೈ ಇದನ್ನು ಒಪ್ಪಿಯಾಗಿತ್ತು. ಈ ತೀರ್ಮಾನದಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಅವಳು ಹಸಿರಿನ ಮೇಲೆ ನಿಲ್ಲಿಸಿ ಆಂಪ್ಲಿಫೈಯರಿನ ದನಿ ಇಳಿಸಿದಳು.

ಅಂಗಡಿಯವನು ಪೆಟ್ಟಿಗೆಯ ಧೂಳು ಊದುತ್ತ ಬಂದ, ಹಿಂದೆಯೇ ತಂಗಿ. “ಎಡಗಡೆದು ಕೊಡಿ” ಎಂದಳು ಅವಳು.

“ಅಯ್ಯೋ ಮೇಡಂ, ಅಟ್ಟ ಹತ್ತಿ ಇಳಿದಿದೀನಿ! ಅಷ್ಟರಲ್ಲಿ ಗಂಡನ ಮನೆ ಕಡೆ ಸೇರ್ಕೊಂಡ್ರಾ?”

“ಇನ್ನೊಂದು ಸಲ ಹತ್ತಿ. ಮೈಗೆ ಒಳ್ಳೇದು.”

ಅವನು ಗೊಣಗುತ್ತ ಹೋದ. ತಂಗಿ ಮೊದಲು ಅಕ್ಕನ ಮುಖ ನೋಡಿದಳು, ಆಮೇಲೆ ನೆಲದ ಕಡೆ, ಹಸಿರಿನ ಕಡೆ, ಮತ್ತೆ ಮುಖ. “ಈಗ ತಾನೇ ಅನುಮಾನವೇ ಇಲ್ಲ ಅಂದೆಯಲ್ಲೇ. ಯಾಕೆ, ನಾನು ಆಚೆ ಹೋದ್ಮೇಲೆ… ಏನಾದ್ರೂ ಆಯ್ತಾ?”

“ಏನಾಗುತ್ತೆ? ನುಡಿಸಿದೆ. ಇದೇ ಚೆನ್ನಾಗಿದೆ ಅನ್ನಿಸ್ತು.”

“ಅಷ್ಟೇನಾ?”

“ಇನ್ನೇನಿರುತ್ತೆ? ನನ್ನ ಉಂಗುರದ ಬೆರಳು ಲೇಟಾಗಿ ಬರುತ್ತೆ, ನಿನಗೆ ಗೊತ್ತಾ? ನೀವ್ಯಾರೂ ಹೇಳಲೇ ಇಲ್ಲ. ಭಾನುವಾರದೊಳಗೆ ಅದನ್ನ ಸರಿ ಮಾಡ್ತೀನಿ. ನಿನ್ನ ಗಡಿಯಾರಕ್ಕೆ ಹೇಳು, ಆರಂಭ ನಾನೊಬ್ಬಳೇ ನುಡಿಸ್ತೀನಿ, ಅವರು ನಾಲ್ಕನೇ ಸಾಲಿಗೆ ಬಂದರೆ ಸಾಕು ಅಂತ.”

“ನೀನೇ ಹೇಳು, ನನಗೆ ಭಯ” ಎಂದು ತಂಗಿ ಬಾಗಿ ವೈರು ಸುತ್ತತೊಡಗಿದಳು, ಬೇಕಾದ್ದಕ್ಕಿಂತ ಬಿಗಿಯಾಗಿ. ಸುತ್ತುತ್ತ, ತಲೆ ಎತ್ತದೆ, “ಅಕ್ಕ” ಎಂದಳು. ಅವಳು ಗಿಟಾರನ್ನು ಚೀಲದಲ್ಲಿ ಇಡುತ್ತಿದ್ದಳು. ಆ ದನಿ ಯಾವ ಮಾತಿನ ಮೊದಲ ಮೆಟ್ಟಿಲೆಂದು ಅವಳಿಗೆ ಚೆನ್ನಾಗಿ ಕೇಳಿಸಿತು. ಅದನ್ನು ಬರಗೊಟ್ಟರೆ ತಂಗಿ ಕ್ಷಮೆ ಕೇಳಬೇಕಾಗುತ್ತದೆ, ತಾನು ಪರವಾಗಿಲ್ಲ ಎನ್ನಬೇಕಾಗುತ್ತದೆ, ಇಬ್ಬರೂ ಒಳ್ಳೆಯವರಾಗಿ ಹೊರಗೆ ಬರಬೇಕಾಗುತ್ತದೆ. ತಂಗಿ ಕ್ಷಮೆ ಕೇಳುವಂಥದ್ದೇನನ್ನೂ ಮಾಡಿರಲಿಲ್ಲ; ಅಂದಿನ ಹಾಗೆ ಮೆಟ್ಟಿಲ ಮೇಲೆ ನಿಂತಿದ್ದಳು, ಅಷ್ಟೇ. “ಬೇಗ ಸುತ್ತೇ, ಮನೆಗೆ ಹೋಗಿ ಅಭ್ಯಾಸ ಮಾಡಬೇಕು” ಎಂದಳು. ಚೀಲದ ಜಿಪ್ ಎಳೆದಳು. ಸ್ವಿಚ್ಚಿನ ಈ ವಿಷಯ ಗಡಿಯಾರಕ್ಕೆ ಹೇಳುವುದಿಲ್ಲ, ಗಂಡನಿಗೂ ಇಲ್ಲ, ಎಲ್ಲರಿಗಿಂತ ಮೊದಲು ಇವಳಿಗೇ ಇಲ್ಲ, ಎಂದು ತೀರ್ಮಾನಿಸಿ, ಹೊರಗೆ ಬಿಟ್ಟಿದ್ದ ಚಪ್ಪಲಿಗಳಲ್ಲಿ ತಂಗಿಯವನ್ನು ಕಾಲಿನಿಂದ ಅವಳ ಕಡೆಗೆ ಸರಿಸಿ, ತನ್ನವನ್ನು ಹಾಕಿಕೊಂಡಳು.